ಸಕ್ಕರೆ ಹಾಕಿದ್ದಾ, ಹಾಕದೇ ಇರೋದಾ?

ಈ ಸಭೆಯ ಅಧ್ಯಕ್ಷತೆ ವಹಿಸಿ, ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡುತ್ತಿರುವ ಇಂಜಿನಿಯರ್ ನಾಗೇಶ್ ಸರ್ ಅವರೇ, ಮುಂದಿನ ಸಾಲಿನಲ್ಲಿ ಕೂತು ಹಿಂದಿನ ಸಾಲಿನವರಿಗೆ ಏನೂ ಕಾಣದಂತೆ ಮಾಡಿರುವ ಆಯನೂರಿನ ಕಂಟ್ರಾಕ್ಟರ್ ಉಜ್ಜನಪ್ಪನವರೇ, ಆಫೀಸಿನ ಸಿಬ್ಬಂದಿಯವರೇ, ಸಭಿಕರೇ, ಮತ್ತು ಕೊರಳಲ್ಲಿ ಹಾರ ಹಾಕಿಕೊಂಡು ‘ಜಾಸ್ತಿ ಮಾತಾಡಬೇಡಿ’ ಎಂದು ಕಣ್ಣಲ್ಲೇ ಹೇಳುತ್ತಿರುವ, ಇಂದು ನಿವೃತ್ತರಾಗುತ್ತಿರುವ ಜಲಜಮ್ಮನವರೇ,

ಮೊದಲಿಗೆ ಒಂದು ಘೋಷಣೆ. ಸರ್ಕಾರದ ಗಮನಕ್ಕೂ ಬಾರದ ಮಹತ್ತರ ಬದಲಾವಣೆಯೊಂದು ಇಂದು ಸಂಜೆ ಈ ಜಿಲ್ಲೆಯಲ್ಲಿ ನಡೆಯಲಿದೆ. ಇಷ್ಟು ವರ್ಷ ಆಲ್ಕೊಳ ಸರ್ಕಲ್ಲಿನ ಈ ಕಟ್ಟಡದ ಮೊದಲ ಮಹಡಿಯಲ್ಲಿದ್ದ, ಯಾರ ಕಾಫಿಗೆ ಸಕ್ಕರೆ ಹಾಕಬೇಕು, ಯಾರದಕ್ಕೆ ಹಾಕಬಾರದು ಎಂಬ ಸಮಸ್ತ ಜ್ಞಾನ ಸಂಜೆಯ ಬಸ್ಸಿನಲ್ಲಿ ಭದ್ರಾವತಿಗೆ ಸ್ಥಳಾಂತರಗೊಳ್ಳುತ್ತಿದೆ. ಶಿವಮೊಗ್ಗದವರು ದಯವಿಟ್ಟು ಧೈರ್ಯ ತಂದುಕೊಳ್ಳಬೇಕು.

ನಾನು ಕಾಂತರಾಜ್, ಜಲಜಮ್ಮನವರ ಗಂಡ. ಆಮಂತ್ರಣದಲ್ಲಿ ನನ್ನ ಹೆಸರಿನ ಪಕ್ಕ ‘ಕುಟುಂಬದ ಪರವಾಗಿ ಎರಡು ಮಾತು’ ಎಂದು ಅಚ್ಚು ಹಾಕಿಸಿದ್ದೀರಿ. ಮನೆಯಲ್ಲಿ ನನಗೆ ಸಿಗುವುದು ಒಂದೇ. ಆದ್ದರಿಂದ ಈ ಅವಕಾಶವನ್ನು ಬಿಡುವವನಲ್ಲ. ಮನೆಯಲ್ಲಿ ‘ಇವಳು’ ಆದವರನ್ನು ಇಲ್ಲಿ ‘ಇವರು’ ಎನ್ನಬೇಕು. ನಡುವೆ ನಾಲಿಗೆ ಜಾರಿದರೆ ಸಭೆ ಮನ್ನಿಸಬೇಕು.

ಇವರು ಈ ಆಫೀಸಿನಲ್ಲಿ ಮಾಡಿದ ಕೆಲಸವೇನು? ಮನೆಗಳ ನಕ್ಷೆ ಬರೆದರೇ? ಇಲ್ಲ. ಸಿಮೆಂಟು ಕಲಸಿದರೇ? ಇಲ್ಲ. ಮನೆ ಕಟ್ಟಿಸುವವರಿಗೂ ಕಂಟ್ರಾಕ್ಟರುಗಳಿಗೂ ಫೋನಿನಲ್ಲಿ ದಿನ ಗೊತ್ತು ಮಾಡುತ್ತ, ನಾಳೆ ಬರುತ್ತೇನೆ ಎಂದವರು ನಾಳೆ ನಿಜವಾಗಿ ಬರುತ್ತಾರೋ ಇಲ್ಲವೋ ಎಂಬುದನ್ನು ಇವತ್ತೇ ತಿಳಿದುಕೊಂಡರು. ನಗಬೇಡಿ. ನಮ್ಮ ಕಡೆ ‘ಆಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಒಬ್ಬರನ್ನು ತೋರಿಸಿ ನೋಡೋಣ. ‘ನೋಡೋಣ’ ಎನ್ನುತ್ತೇವೆ. ‘ಬರೋಣ ಬರೋಣ’ ಎನ್ನುತ್ತೇವೆ. ಖಂಡಿತವೇ ಎಂದು ಇನ್ನೊಮ್ಮೆ ಕೇಳಿದರೋ, ಮುಗಿಯಿತು.

ಇವರು ಕೆಲಸಕ್ಕೆ ಸೇರಿದ ಹೊಸತು. ಉಜ್ಜನಪ್ಪನವರಿಗೆ ಫೋನು ಮಾಡಿ, ನಾಳೆ ಬರುವುದು ಗ್ಯಾರಂಟಿಯೇ ಎಂದು ಕೇಳಿಬಿಟ್ಟರು. ಉಜ್ಜನಪ್ಪನವರೇ, ನೀವು ಅಂದದ್ದು ನಮ್ಮ ಮನೆಯಲ್ಲಿ ಈಗಲೂ ಬಾಯಿಪಾಠ: “ಬರ್ತೀನಿ ಅಂದ್ಮೇಲೆ ಮತ್ತೆ ಕೇಳ್ತೀಯಲ್ಲ ಮಾರಾಯ್ತಿ, ನನ್ನ ಮಾತಿಗೆ ಬೆಲೆ ಇಲ್ವಾ?” ಮಾತಿಗೆ ಬೆಲೆ ಇದೆಯೆಂದು ತೋರಿಸುವುದಕ್ಕಾಗಿ ಮರುದಿನ ನೀವು ಬರಲೇ ಇಲ್ಲ. ಮನೆ ಕಟ್ಟಿಸುವವರು ನಕ್ಷೆ ಹರಡಿಕೊಂಡು ಮಧ್ಯಾಹ್ನದವರೆಗೆ ಕಾದರು.

ಆ ಸಂಜೆ ಇವರು ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದರು. ನಾನು ಶಿಫ್ಟಿಗೆ ಹೊರಟು ಬೂಟು ಹಾಕುತ್ತಿದ್ದೆ. ಕಾಫಿಗೆ ಇರುತ್ತೇನೋ ಹೊರಟೇಬಿಡುತ್ತೇನೋ ಇವರಿಗೆ ಗೊತ್ತಿಲ್ಲ. ಅಡುಗೆಮನೆಯಿಂದ ಚಮಚ ಹಿಡಿದು ಬಂದು, ಸಕ್ಕರೆ ಹಾಕಲೋ ಬೇಡವೋ ಎಂದರು. ಹಾಕು ಎಂದೆ. ಇವರು ಅಲ್ಲೇ ನಿಂತುಬಿಟ್ಟರು. “ನೋಡ್ರೀ, ಇರ್ತೀರಾ ಅಂತ ನಾನು ಕೇಳ್ಲೇ ಇಲ್ಲ. ನೀವು ಹೇಳ್ಬಿಟ್ರಿ” ಎಂದರು.

ಹೀಗೆ ಈ ಆವಿಷ್ಕಾರ ಭದ್ರಾವತಿಯ ಒಂದು ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಡೆಯಿತು. ಅದರಲ್ಲಿ ನನ್ನದೂ ಪಾಲಿದೆ ಎಂಬುದನ್ನು ನಾಗೇಶ್ ಸರ್ ಗಮನಿಸಬೇಕು.

ಅಂದಿನಿಂದ ಇವರು ಯಾರನ್ನೂ ಬರುತ್ತೀರಾ ಎಂದು ಕೇಳಲಿಲ್ಲ. “ಸರ್, ನಾಳೆ ನಿಮಗೆ ಕಾಫಿ ಹೇಳಿರ್ತೀನಿ. ಸಕ್ಕರೆ ಹಾಕಿದ್ದಾ, ಹಾಕದೇ ಇರೋದಾ?” ಇಷ್ಟೇ. ಸಕ್ಕರೆ ಕಮ್ಮಿ ಇರಲಿ ಎಂದರೆ ಆಸಾಮಿ ಬರುತ್ತಾನೆ. ಕಾಫಿಗೇನಮ್ಮ ಅವಸರ ಎಂದರೆ ಬರುವುದಿಲ್ಲ. ಆಗ ಇವರೇ, ಹಾಗಾದರೆ ಗುರುವಾರ ಕುಡಿಯಬಹುದಲ್ಲ ಸರ್ ಎಂದು ದಾರಿ ಮಾಡಿಕೊಡುತ್ತಿದ್ದರು. ಒಬ್ಬ ಮನುಷ್ಯನಿಗೆ ಸುಳ್ಳು ಹೇಳುವ ಕಷ್ಟವನ್ನೂ ಕೊಡದೆ, ಇಲ್ಲ ಎನ್ನುವ ಕಷ್ಟವನ್ನೂ ಕೊಡದೆ ದಿನ ಗೊತ್ತು ಮಾಡುವುದು ಸಾಮಾನ್ಯವೇ? ಇದರಿಂದ ಒಂದು ಅನಾಹುತವೂ ಆಯಿತು. ಉಜ್ಜನಪ್ಪನವರಿಗೆ ಶುಗರ್ ಬಂದದ್ದು ಅವರ ಮನೆಯವರಿಗಿಂತ ಮೊದಲು ಈ ಆಫೀಸಿಗೆ ಗೊತ್ತಾಯಿತು.

ನಾನೋ, ಕಾರ್ಖಾನೆಯ ಮನುಷ್ಯ. ನಮಗೆ ಸೈರನ್ ಇತ್ತು. ಸೈರನ್ ಯಾವತ್ತಾದರೂ ಸಕ್ಕರೆ ಬೇಕೇ ಎಂದು ಕೇಳಿದ್ದುಂಟೇ? ಕೂಗುತ್ತಿತ್ತು, ಹೋಗುತ್ತಿದ್ದೆವು. ಇಡೀ ಬಡಾವಣೆ, ತಮಿಳರು, ತೆಲುಗರು, ನಾವು, ಒಂದೇ ಸಲ ಚೆಡ್ಡಿಯಿಂದ ಪ್ಯಾಂಟಿಗೆ ಬರುತ್ತಿದ್ದೆವು. ಆಮೇಲೆ ಒಂದು ದಿನ ನಮ್ಮ ವಿಭಾಗ ನಿಂತಿತು. ವಯಸ್ಸಿಗೆ ಮೊದಲೇ ಮನೆಗೆ ಬಂದೆ.

ಮೊದಮೊದಲು ಮಜವಾಗಿಯೇ ಇತ್ತು. ಆಮೇಲೆ ಗಡ್ಡ ಬೋಳಿಸುವುದು ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು. ಇವಳು ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದರೆ, ಸಂಜೆ ಬರುವಾಗಲೂ ನಾನು ಅದೇ ಕುರ್ಚಿಯಲ್ಲಿ ಇರುತ್ತಿದ್ದೆ. ನನ್ನನ್ನು ಯಾವ ಕೆಲಸಕ್ಕೂ ಯಾರೂ ಎದುರು ನೋಡುತ್ತಿರಲಿಲ್ಲ. ಇದನ್ನೆಲ್ಲ ಹೇಳಬೇಕೆಂದು ಬಂದದ್ದಲ್ಲ. ಬಂತು, ಹೇಳಿದೆ.

ಒಂದು ದಿನ ಹನ್ನೊಂದು ಗಂಟೆಗೆ ಫೋನು ಬಂತು. ಈ ಆಫೀಸಿನ ನಂಬರು.

“ನಮಸ್ಕಾರ. ನಾಗೇಶ್ ಸರ್ ಆಫೀಸಿಂದ ಜಲಜಾ ಮಾತಾಡ್ತಿರೋದು. ಕಾಂತರಾಜ್ ಸರ್ ಇದ್ದಾರಾ?”

“ನಾನೇ ಕಣೇ. ಏನಾಯ್ತು?”

“ಸರ್, ಇವತ್ತು ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡ್ ಹತ್ರ ನಿಮಗೊಂದು ಮೀಟಿಂಗ್ ಇದೆ.”

“ಯಾರ್ ಜೊತೆ?”

“ನನ್ ಜೊತೆ ಸರ್. ಕಾಫಿ ಹೇಳಿರ್ತೀನಿ. ಸಕ್ಕರೆ ಹಾಕಿದ್ದಾ, ಹಾಕದೇ ಇರೋದಾ?”

ಕಾರ್ಖಾನೆ ಬಿಟ್ಟ ಮೇಲೆ ನನ್ನನ್ನು ಸರ್ ಎಂದವರಿಲ್ಲ. ಹಾಕಿದ್ದೇ ಇರಲಿ ಎಂದೆ. ಫೋನಿಟ್ಟು ಗಡ್ಡ ಬೋಳಿಸಿದೆ. ಇಸ್ತ್ರಿ ಅಂಗಿ ಹುಡುಕಿದೆ. ಮೀಟಿಂಗಿಗೆ ಬೇಗನೇ ಹೋಗಿ ನಿಂತೆ.

ಅಂದಿನಿಂದ ಮೊನ್ನೆಯವರೆಗೆ ಆ ಫೋನು ತಪ್ಪಿಲ್ಲ. ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಮೀಟಿಂಗ್, ಇನ್ನೊಂದು ದಿನ ಕರೆಂಟ್ ಆಫೀಸಿನಲ್ಲಿ. ನನ್ನ ಡೈರಿ ತುಂಬಿಹೋಗಿ, ಹಳೆಯ ಗೆಳೆಯರು ಕಾರ್ಡ್ಸಿಗೆ ಕರೆದರೆ “ನೋಡೋಣ” ಎನ್ನುವ ಮಟ್ಟಕ್ಕೆ ಬೆಳೆದೆ. ನಾಗೇಶ್ ಸರ್, ಅದು ಆಫೀಸಿನ ಫೋನು ಎಂಬುದು ನನಗೂ ಗೊತ್ತು. ನಿಮಗೂ ಗೊತ್ತಿತ್ತೆಂದು ಈಗ ನಿಮ್ಮ ನಗು ನೋಡಿದರೆ ಗೊತ್ತಾಗುತ್ತದೆ.

ಈ ಊರಲ್ಲಿ ಎಷ್ಟೋ ಮನೆಗಳು ಎದ್ದಿವೆ. ಅವುಗಳ ಗೋಡೆಯ ಮೇಲೆ ಇಂಜಿನಿಯರರ ಹೆಸರಿದೆ, ಮಾಲೀಕರ ಹೆಸರಿದೆ. ಆದರೆ ಹೇಳಿದ ದಿನಕ್ಕೆ ಎಲ್ಲರೂ ಬಂದು ಕೂತದ್ದರಿಂದ ಅವು ಎದ್ದವು. ಅದು ನನ್ನ ಹೆಂಡತಿ ಮಾಡಿದ್ದು. ಇದನ್ನು ಮೈಕಿನಲ್ಲಿ ಹೇಳಲು ನನಗೆ ಸ್ವಲ್ಪವೂ ಸಂಕೋಚವಿಲ್ಲ.

ನಾಳೆಯಿಂದ ಇವರ ಕುರ್ಚಿಗೆ ಕವನ ಬರುತ್ತಾಳೆ. ಕಂಪ್ಯೂಟರೇ ಎಲ್ಲರಿಗೂ ಮೆಸೇಜ್ ಕಳಿಸುತ್ತದಂತೆ. ಒಳ್ಳೆಯದೇ. ಉಜ್ಜನಪ್ಪನವರು ಅದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಆ ಹೆಬ್ಬೆರಳು ಬರುತ್ತೇನೆ ಎನ್ನುವುದೋ, ನೋಡೋಣ ಎನ್ನುವುದೋ, ಅದು ಕವನಳ ಅದೃಷ್ಟ.

ಆದರೆ ಕವನಾ, ನಾಳೆಯ ಹನ್ನೊಂದು ಗಂಟೆ ಹೇಗಿರುತ್ತದೆ ಎಂದು ಈ ಸಭೆಯಲ್ಲಿ ಚೆನ್ನಾಗಿ ಬಲ್ಲವನು ನಾನು. ನಮ್ಮ ಮನೆಯ ಆ ಕುರ್ಚಿಯಲ್ಲಿ ನಾನು ಕೂತು ಎದ್ದಿದ್ದೇನೆ. ಇವಳು ಅದರಲ್ಲಿ ಕೂರುವುದು ನನಗೆ ಬೇಡ. ನಾನೇ ಪಕ್ಕದ ಕೋಣೆಯಿಂದ ಫೋನು ಮಾಡೋಣವೆಂದು ನಿನ್ನೆ ಬಚ್ಚಲಲ್ಲಿ ಅಭ್ಯಾಸ ಮಾಡಿದೆ. ನನ್ನ ದನಿ ಸೈರನ್ನಿನ ಹಾಗೇ ಬರುತ್ತದೆ. ಆಗುವುದಿಲ್ಲ.

ಸನ್ಮಾನಕ್ಕೆ, ಶಾಲಿಗೆ, ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ತಾಳ್ಮೆಗೆ ನಮ್ಮಿಬ್ಬರ ವಂದನೆಗಳು. ಕವನಾ, ನಿನ್ನಿಂದ ಒಂದೇ ಉಪಕಾರ. ನಾಳೆ ಹನ್ನೊಂದಕ್ಕೆ ನಮ್ಮ ಮನೆಗೆ ಫೋನು ಮಾಡು. ಹೇಗಿದ್ದೀರಿ ಮೇಡಂ ಎನ್ನಬೇಡ, ಅದು ಆಸ್ಪತ್ರೆಯಲ್ಲಿ ಕೇಳುವ ಮಾತು. ಗುರುವಾರ ನಿನಗೆ ಕೆಲಸ ತೋರಿಸಿಕೊಡಲು ಆಫೀಸಿಗೆ ಬರಬೇಕಿದೆ ಎನ್ನು, ಕಾಫಿಯ ವಿಷಯ ಕೇಳು. ಇವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ, ಕೇಳಿಸಿಕೊಳ್ಳಲಿ. ಫೋನು ಯಾಕೆ ಬರುತ್ತಿದೆ ಎಂದು ಆಗ ನನಗೂ ಗೊತ್ತಿತ್ತು. ಗೊತ್ತಿದ್ದೇ ಗಡ್ಡ ಬೋಳಿಸಿದೆ.

ಇವಳದು ಸಕ್ಕರೆ ಹಾಕಿದ್ದು. ಆದರೂ ಕೇಳಮ್ಮ.

ನಮಸ್ಕಾರ.