ಬೂಟು ಕಟ್ಟಿದವರು ಯಾರು

ಅಂಗವಿಕಲ ಪಿಂಚಣಿಗಾಗಿ ಮಾಜಿ ಸೈನಿಕರನ್ನು ತಪಾಸಣೆ ಮಾಡುವ ಡಾಕ್ಟರುಗಳ ಕೋಣೆಯ ಮುಂದೆ, ಸೊಂಟದ ಎಕ್ಸ್-ರೇ ಹಿಡಿದು ಕೂತಿದ್ದ ನಿವೃತ್ತ ಮಿಲಿಟರಿ ಡ್ರೈವರನ ಕಿವಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬೀಳುತ್ತಿತ್ತು.

“ಚಪ್ಪಲಿ ಹಾಕ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ.”

“ಆಫೀಸರ ಮುಂದೆ ಚಪ್ಪಲೀಲಿ ನಿಲ್ಲೋದಾ?”

“ಹೋದ್ಸಲ ಲೇಸ್ ಕಟ್ಟಿದ ಬೂಟು ನೋಡೇ ತಾನೇ ಬೆನ್ನು ಬಗ್ಗುತ್ತೆ ಅಂತ ಬರೆದಿದ್ದು? ಊನ ಇಪ್ಪತ್ತೇ ಪರ್ಸೆಂಟು ಅಂತ ಕೊಟ್ಟಿದ್ದು?”

“ಹೂಂ.”

“ಕಟ್ಟೋದು ನಾನು ಅಂತ ಯಾಕೆ ಹೇಳ್ಲಿಲ್ಲ?”

“ಅವ್ರು ಕೇಳ್ಲಿಲ್ಲ.”

“ಇದೇ ಕೊನೇ ಅಪೀಲು. ಕೇಳ್ದಿದ್ರೂ ಹೇಳಿ.”

“ಎಡಗಾಲಿಂದು ಬಿಚ್ಚಿದೆ ನೋಡು.”

“ಇರ್ಲಿ, ಹಾಗೇ ಹೋಗಿ. ಅವ್ರೂ ನೋಡ್ಲಿ.”

ಒಳಗಿನಿಂದ ನಂಬರು ಕೂಗಿದರು. ಗಂಡ ಕದಲಲಿಲ್ಲ. ಎರಡನೇ ಸಲ ಕೂಗಿದಾಗ ಹೆಂಡತಿ ಕುಕ್ಕರಗಾಲಲ್ಲಿ ಕೂತು ಲೇಸನ್ನು ಬಿಗಿಯಾಗಿ ಕಟ್ಟಿದಳು. ಅವನು ಗೋಡೆ ಹಿಡಿದು ಎದ್ದು ಒಳಗೆ ಹೋದ.

ಬೆಳಿಗ್ಗೆ ಸೊಸೆ ಲೇಸ್ ಕಟ್ಟಿದ್ದ ತನ್ನ ಬೂಟುಗಾಲುಗಳನ್ನು ಡ್ರೈವರ್ ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡ.