ಅವರ ಎತ್ತರದ ಕನ್ನಡಿ

ಕೆಂಪು ದೀಪಕ್ಕೆ ಅಂಚೆಯವನು ಸ್ಕೂಟರ್ ನಿಲ್ಲಿಸಿದಾಗ ಪಕ್ಕದಲ್ಲೇ ಒಂದು ದೊಡ್ಡ ಬೈಕು ಬಂದು ನಿಂತಿತು. ಓಡಿಸುತ್ತಿದ್ದವಳು ಸೊಸೆ. ಹಿಂದೆ ಕೂತು ಕತ್ತು ತಿರುಗಿಸಿ ರಸ್ತೆ ಕಾಯುತ್ತಿದ್ದವರು ಅತ್ತೆ.

"ಹಿಂದೆ ಏನಾದ್ರೂ ಬರ್ತಿದೆಯಾ ಅತ್ತೆ?"

"ಲಾರಿ. ಇನ್ನೂ ದೂರ ಇದೆ. ನೀನು ಗೇರಲ್ಲೇ ಇದೀಯ ತಾನೆ?"

"ಫಸ್ಟ್ ಗೇರಲ್ಲೇ ಇದೀನಿ. ಹಿಂದಿನ ದೀಪ ಉರೀಲಿ ಅಂತ ಬ್ರೇಕೂ ಹಿಡಿದಿದೀನಿ."

"ಮುಂದಿನ ಕಾರಿಗೆ ಅಂಟ್ಕೊಂಡು ನಿಲ್ಲಬೇಡ. ತಪ್ಪಿಸ್ಕೊಳ್ಳೋಕೆ ಜಾಗ ಇರ್ಬೇಕು ಅಂತಿದ್ದ ನನ್ನ ಮಗ."

"ಬಿಟ್ಟಿದೀನಿ."

"ನನ್ನ ಕತ್ತು ಉಳುಕಿ ಹೋಯ್ತು ಕಣೇ. ಆ ಕನ್ನಡಿ ಯಾತಕ್ಕಿದೆ?"

"ಅದರಲ್ಲಿ ನನಗೆ ಬರೀ ಆಕಾಶ ಕಾಣತ್ತೆ. ನಿಮ್ಮ ಮಗ ಅವರ ಎತ್ತರಕ್ಕೆ ಇಟ್ಕೊಂಡಿದ್ದು."

"ಒಂಚೂರು ಕೆಳಕ್ಕೆ ತಿರುಗಿಸ್ಕೊಂಡ್ರೆ ಆಯ್ತು. ಅವನು ಹೋಗಿ ವರ್ಷ ಆಯ್ತಲ್ಲೇ."

"ಅಂಗಿಗಳನ್ನೆಲ್ಲ ಕೊಟ್ಟುಬಿಟ್ವಿ ಅತ್ತೆ. ಅವರು ಇಟ್ಟ ಹಾಗೇ ಇರೋದು ಇದೊಂದೇ."

ಅತ್ತೆ ಮುಂದಕ್ಕೆ ತಿರುಗಿ ಆ ಕನ್ನಡಿಯನ್ನು ನೋಡಿದರು. ಅಂಚೆಯವನು ಸುಮ್ಮನೆ ದೀಪವನ್ನೇ ನೋಡುತ್ತ ನಿಂತ.

"ಹಾಗಾದ್ರೆ ಮುಟ್ಟಬೇಡ. ನಾನಿದೀನಲ್ಲ," ಎಂದು ಅತ್ತೆ ಮತ್ತೆ ಕತ್ತು ತಿರುಗಿಸಿದರು. "ಲಾರಿ ನಿಂತಿತು."

ಹಸಿರು ಬಿತ್ತು. ಬೈಕು ಮುಂದಕ್ಕೆ ಹೋಯಿತು. ತಿರುವು ದಾಟುವವರೆಗೂ ಅತ್ತೆಯ ಮುಖ ಹಿಂದಕ್ಕೇ ಇತ್ತು.