ಖಾಲಿ ಬಿಟ್ಟ ಖಾನೆ

ಅಳತೆಗೆ ಸಿಗದ ಕರ್ತನೇ, ನಿನಗೆ ಸ್ತೋತ್ರ. ನನ್ನ ನಾಲಗೆಯನ್ನು ಹತೋಟಿಯಲ್ಲಿಡು.

ಇಲ್ಲ ಒಟ್ಮಾರ್, ಏಳಬೇಡ. ಬ್ರೆಟ್ಸೆಲ್ ರೊಟ್ಟಿ ತಿಂದು ಮುಗಿಸು, ಬೆಣ್ಣೆ ಹಚ್ಚಿದ್ದೇನೆ... ಬೇಡವೇ? ಇರಲಿ. ಹತ್ತು ಗಂಟೆಗೆ ಮಾಲೀಕರು ಮೇಲೆ ಕರೆಯುತ್ತಾರೆ. ಕೆಲಸದಿಂದ ತೆಗೆಯುತ್ತಾರೆ ಅಂತ ನಿನಗೂ ಗೊತ್ತು. ಅದಕ್ಕೆ ಮೊದಲು ಈ ಅಡೆಲ್‌ಹೈಡ್ ಅಕ್ಕನಿಗೆ ಒಂದು ಮಾತು ಹೇಳು. ಯಾಕೆ ಹೀಗೆ ಮಾಡಿದೆ?

ಆರು ವರ್ಷ ಕೂತು ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಅಳತೆಯ ಚೌಕಟ್ಟು ಅದು. ಡ್ರಾಯಿಂಗಿನ ಪ್ರತಿ ಗುರುತಿಗೂ ಒಂದು ಸಾಲು: ಯಾವ ಮೇಲ್ಮೈ, ಎಷ್ಟು ಬಿಂದು, ಹೇಗೆ ಅಳೆಯಬೇಕು. ಮನುಷ್ಯ ಮರೆತರೂ ಯಂತ್ರ ಮರೆಯಬಾರದು ಅಂತ. ಹಳೇ ಡ್ರಾಯಿಂಗುಗಳನ್ನು ಅದಕ್ಕೆ ತುಂಬಿಸುವ ಕೆಲಸ ನಿನ್ನನ್ನು ನಂಬಿ ಕೊಟ್ಟೆ. ನೀನು ಒಂದು ಖಾನೆ ಖಾಲಿ ಬಿಟ್ಟೆ.

ಗೋಡೆ ನೋಡಬೇಡ, ಶಾಫ್ಟ್ ಕೂರುವ ಈ ಬುಷ್ ನೋಡು. ಲೇತ್ ಯಂತ್ರದ ಮೂರು ದವಡೆಯ ಚಕ್ಕಿನಲ್ಲಿ ಬಿಗಿದು ಕೊರೆದದ್ದು. ಬಿಚ್ಚಿದರೆ ತೂತು ದುಂಡಗಿಲ್ಲ, ಮೂರು ಕಡೆ ಉಬ್ಬು. ಎದುರುಬದುರು ಎರಡು ಬಿಂದು ಹಿಡಿದು ಅಳೆದರೆ ಎಲ್ಲಿ ಅಳೆದರೂ ಸರಿ ಅಂತಲೇ ತೋರಿಸುತ್ತದೆ. ಶಾಫ್ಟ್ ತೂರಿಸಿದರೆ ಸಿಕ್ಕಿಕೊಳ್ಳುತ್ತದೆ. ಇಡೀ ತೂತನ್ನು ಅಳೆಯಬೇಕು ಅನ್ನುವ ಗುರುತಿನ ಖಾನೆ ಖಾಲಿ ಇದ್ದರೆ, ಅಳತೆಯ ಹೊಸ ನಿಯಮದ ಪ್ರಕಾರ ಎರಡು ಬಿಂದುವೇ ಸಾಕು. ನಾಲ್ಕು ಸಾವಿರ ಬುಷ್ ವಾಪಸು ಬಂದಿವೆ. ಆಸ್ಪತ್ರೆಯ ಪಂಪಿಗೆ ಹೋಗುವಂಥವು... ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ.

ಯಾಕೆ ನಗುತ್ತೀಯ? ಹಳೇ ಡ್ರಾಯಿಂಗಿನಲ್ಲಿ ಆ ಗುರುತೇ ಇರಲಿಲ್ಲ ಅಂತಲೇ? ಇರಲಿಲ್ಲ, ಒಪ್ಪಿದೆ. ನಮ್ಮ ಜರ್ಮನಿಯ ಅಜ್ಜಂದಿರು ಬರೆಯುತ್ತಿರಲಿಲ್ಲ. ಶಾಫ್ಟ್ ಸಲೀಸಾಗಿ ತೂರಲೇಬೇಕು ಅನ್ನುವುದು ಬರೆಯದೆಯೇ ಎಲ್ಲರಿಗೂ ಗೊತ್ತಿದ್ದ ಮಾತು. ನಿನಗೆ ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ?

ಹಾಗೆ ನೋಡಬೇಡ, ಒಟ್ಮಾರ್.

ಇಪ್ಪತ್ತೆರಡು ವರ್ಷ ಗುರುವಾರದ ಬೈಬಲ್ ಕೂಟದಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಹಾಡುವಾಗ ನನ್ನ ಶ್ರುತಿ ತಪ್ಪಿದರೆ ಮೊಣಕೈಯಿಂದ ತಿವಿಯುತ್ತಿದ್ದವನು ನೀನು. ನಂಬಿಸಿ ಕುತ್ತಿಗೆ ಕೊಯ್ಯುತ್ತೀಯ ಅಂತ... ಏನಾದರೂ ಹೇಳೋ. ಬೈಯಿ ಬೇಕಾದರೆ. 'ಕೇಳಿದ್ದೆನಲ್ಲ ಅಕ್ಕ' ಅಂತಾದರೂ ಹೇಳು.

ಸರಿ, ನಾನೇ ಹೇಳುತ್ತೇನೆ.

ನೀನು ಕೇಳಿದ್ದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಇದೇ ಮೇಜಿನ ಹತ್ತಿರ ನಿಂತು, ಆ ಗುರುತು ನಾವೇ ಸೇರಿಸೋಣವೇ ಅಂತ ನೀನು ಕೇಳಿದ್ದೆ. ನಾನು ತಲೆ ಕೂಡ ಎತ್ತಲಿಲ್ಲ. 'ಇಲ್ಲದ್ದನ್ನು ಸೇರಿಸಬೇಡ, ಖಾಲಿ ಬಿಡು' ಅಂದೆ... ಮಾಲೀಕರಿಗೆ ಕೊಟ್ಟ ವರದಿಯಲ್ಲಿ ಮಾತ್ರ ತಪ್ಪು ಮಾಡಿದವನು ಅಂತ ನಿನ್ನ ಹೆಸರು ಬರೆದು ನಾನು ಸಹಿ ಹಾಕಿದೆ. ಅದು ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ. ದ್ರೋಹವಾಯಿತು ಅಂತ ಮೂರು ದಿನದಿಂದ ಅತ್ತವಳು ನಾನು, ಮಾಡಿದವಳೂ ನಾನೇ.

ಕೂತಿರು. ಮೇಲೆ ಹೋಗುವವಳು ನಾನು. ನಿನ್ನನ್ನೂ, ಈ ಮಾತಿಗೆ ಕಿವಿಗೊಟ್ಟ ಎಲ್ಲರನ್ನೂ ಕರ್ತನು ಕಾಯಲಿ. ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬಾರದಿರಲಿ. ಆಮೆನ್.